ಗುಂಡಿಗಿಳಿದು ಮಾತಾಡುವ ಎರ್ಗೆಶ್

ಎರ್ಗೆಶ್‌ನ ವಿಷಯ ನಾನು ಮೊದಲು ಕೇಳಿದ್ದು ಉಣ್ಣೆ ಬಡಿಯುವ ದಿನ. ಪಕ್ಕದ ಗುಡಾರದ ತಾಜೀಗುಲ್ ಕೈಕೋಲು ಕೆಳಗಿಟ್ಟು, ಮೂಗಿಗೆ ಮೆತ್ತಿದ್ದ ಎಳೆ ಒರೆಸಿಕೊಳ್ಳುತ್ತಾ ಮಾತು ತೆಗೆದಳು.

"ಬುರುಲ್, ಗೊತ್ತಾಯ್ತಾ? ಹಳೇ ಹವಾಮಾನ ಕೇಂದ್ರದಲ್ಲಿ ಒಬ್ಬ ಇದ್ನಲ್ಲ, ಅವನು ಈ ಸಲ ನಮ್ಮ ಜೊತೆ ಮೇಲಿನ ಹುಲ್ಲುಗಾವಲಿಗೆ ಬರ್ತಾನಂತೆ."

"ಬರ್ಲಿ ಬಿಡು. ಹುಲ್ಲೇನು ನಮ್ಮಪ್ಪನದಾ?"

"ಅಯ್ಯೋ, ಅದಲ್ಲ ಕಣೇ. ಅವನು ಗುಂಡಿಯಲ್ಲಿ ಕೂತು ಫೋನ್ ಮಾಡ್ತಾನಂತೆ. ಊರೋರೆಲ್ಲ ಸಿಗ್ನಲ್ ಬೇಕು ಅಂತ ಗುಡ್ಡ ಹತ್ತಿದ್ರೆ ಇವನು ಕೆಳಗಿಳೀತಾನೆ."

"ಗುಂಡಿಯೊಳಗಿಂದ ಯಾರ ಜೊತೆ ಮಾತಾಡ್ತಾನೆ? ಸತ್ತೋರ ಜೊತೆನಾ?" ಎಂದೆ ನಾನು.

ಉಣ್ಣೆಯ ರಾಶಿಯ ಸುತ್ತ ಕೂತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆ ಮಾತು ಮುರ್ಗಾಬ್ ಪೇಟೆಯವರೆಗೂ ಹೋಯಿತು. ಅವನಿಗೆ ಗುಂಡಿ ಎರ್ಗೆಶ್ ಎಂಬ ಹೆಸರೇ ನಿಂತಿತು. ಆ ಹೆಸರಿನಲ್ಲಿ ನನ್ನ ಪಾಲೂ ಇದೆ.

ಅವನು ಹುಟ್ಟಿದ್ದು ಹವಾಮಾನ ಕೇಂದ್ರದಲ್ಲೇ. ತಾಯಿ ಅಲ್ಲಿ ಅಡುಗೆಯವಳು. ಬೆಳೆದ ಮೇಲೆ ಅಲ್ಲೇ ಕೆಲಸಕ್ಕೆ ನಿಂತ. ಮೂರು ಗಂಟೆಗೊಮ್ಮೆ ಎದ್ದು ಚಳಿ ಎಷ್ಟು, ಗಾಳಿ ಎಷ್ಟು, ಹಿಮ ಎಷ್ಟು ಬಿದ್ದಿದೆ ಎಂದು ನೋಡಿ ರೇಡಿಯೋದಲ್ಲಿ ರಾಜಧಾನಿಗೆ ಕಳಿಸಬೇಕು. ದೊಡ್ಡ ದೇಶ ಒಡೆದು ಹೋಳಾದಾಗ ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು. ಇವನು ಮಾತ್ರ ಇನ್ನೂ ಎರಡು ಚಳಿಗಾಲ ಅಂಕಿ ಕಳಿಸುತ್ತಲೇ ಇದ್ದ. ಕೊನೆಗೊಂದು ದಿನ ಆ ಕಡೆಯ ದನಿ, "ಇನ್ನು ಕಳಿಸಬೇಡಪ್ಪಾ, ಬರ್ಕೊಳ್ಳೋಕೆ ಇಲ್ಲಿ ಯಾರೂ ಉಳಿದಿಲ್ಲ" ಎಂದಿತಂತೆ. ಹೆಂಡತಿ ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ಓಶ್ ಪಟ್ಟಣಕ್ಕೆ ಹೋಗಿಬಿಟ್ಟಿದ್ದಳು. ಇವನು ಹನ್ನೊಂದು ಯಾಕ್‌ಗಳನ್ನು ಮಾಡಿಕೊಂಡು ದನ ಮೇಯಿಸಲು ಹೊರಟ.

ಅವನ ಬಾಯಲ್ಲಿ 'ಸುಮಾರು' ಎಂಬ ಮಾತು ಬರುತ್ತಿರಲಿಲ್ಲ. ಹೊರಗೆ ಚಳಿ ಇದೆಯಾ ಎಂದರೆ "ಸೊನ್ನೆಗಿಂತ ನಾಲ್ಕು ಕಡಿಮೆ" ಎನ್ನುತ್ತಿದ್ದ. ನಾಳೆ ಹಿಮ ಬೀಳುತ್ತಾ ಎಂದರೆ "ಗೊತ್ತಿಲ್ಲ" ಎನ್ನುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಗಂಡಸನ್ನು ನಾನು ಅವನೊಬ್ಬನನ್ನೇ ನೋಡಿದ್ದು. ತಾಜೀಗುಲ್ ಒಮ್ಮೆ ಬೇಕೆಂದೇ ಕೆಣಕಿದಳು.

"ಎರ್ಗೆಶ್, ನಿನ್ನ ಹೆಂಡತಿ ಹೇಗಿದ್ಳೋ? ತುಂಬಾ ಚೆನ್ನಾಗಿದ್ಳಂತೆ?"

ಅವನು ಸ್ವಲ್ಪ ಯೋಚಿಸಿ, "ಒಂದು ಮೀಟರ್ ಐವತ್ತೆಂಟು ಸೆಂಟಿಮೀಟರ್ ಇದ್ಳು" ಎಂದ. ನಾವು ಒಂದು ವಾರ ನಕ್ಕೆವು. ಅವನು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

ಆ ಫೋನು ಅವನ ಕೈಗೆ ಬಂದದ್ದು ಕಾಡುಕುರಿ ಎಣಿಸಲು ಬಂದಿದ್ದ ಪರದೇಶದವರಿಂದ. ಈ ಸಲ ಮೇಲಿನ ಹುಲ್ಲುಗಾವಲಿಗೆ ಹೋಗುವ ಗುಂಪಿಗೆಂದು ಕೊಟ್ಟದ್ದು. ರೇಡಿಯೋ ಗೊತ್ತಿದ್ದವನು ಇವನೊಬ್ಬನೇ ಆದ್ದರಿಂದ ಇವನ ಬಳಿ ಇತ್ತು. ದಪ್ಪನೆಯ ಫೋನು, ತಲೆಯಿಂದ ಹೆಬ್ಬೆರಳು ಗಾತ್ರದ ಕಡ್ಡಿಯೊಂದನ್ನು ಎಳೆದು ನಿಲ್ಲಿಸಬೇಕು. ಟವರ್ ಇದ್ದಲ್ಲಿ ಟವರ್, ಇಲ್ಲದಲ್ಲಿ ಆಕಾಶದ ಉಪಗ್ರಹ, ಎರಡಕ್ಕೂ ಒಗ್ಗುವಂಥದ್ದು. ಆದರೆ ಕೊಟ್ಟವರು ಅದಕ್ಕೊಂದು ಬೀಗ ಹಾಕಿದ್ದರು: ಮೊದಲು ನೆಲ, ನೆಲ ಸಿಗದಿದ್ದರೆ ಮಾತ್ರ ಆಕಾಶ. ಬೀಗ ತೆಗೆಯುವ ಅಂಕಿಯನ್ನು ಹೇಳದೆ ಅವರು ವಿಮಾನ ಹತ್ತಿದ್ದರು. ಹಾಗಾಗಿ ಆರಿಸುವುದು ನಮ್ಮ ಕೈಯಲ್ಲಿರಲಿಲ್ಲ. ಫೋನೇ ಆರಿಸಿಕೊಳ್ಳುತ್ತಿತ್ತು.

ಅದು ಹೇಗೆ ಎಂದು ಎರ್ಗೆಶ್ ಒಂದು ಸಂಜೆ ನಮ್ಮ ಗುಡಾರದಲ್ಲಿ ಉಪ್ಪು ಹಾಲಿನ ಚಹಾ ಕುಡಿಯುತ್ತಾ ಬಿಡಿಸಿ ಹೇಳಿದ್ದ. ನನ್ನ ಗಂಡ ಶೇರ್‌ಮಾತ್ ಗುಂಪಿನ ಹಿರಿಯ. ಎರ್ಗೆಶ್ ಅವನನ್ನು ಅಣ್ಣನ ಸ್ಥಾನದಲ್ಲಿಟ್ಟು ಬಾಯ್ಕೆ ಎನ್ನುತ್ತಿದ್ದ. ಆ ಲೆಕ್ಕದಲ್ಲಿ ನಾನು ಅವನಿಗೆ ಅಣ್ಣನ ಹೆಂಡತಿ, ಜೆಂಗೆ.

"ಬಾಯ್ಕೆ, ಈ ಫೋನು ಹೊತ್ತು ಮುಳುಗಿದ ಮೇಲೆ ಮನೆ ಹುಡುಕೋ ದಾರಿಹೋಕನ ಥರ. ಮೊದಲು ನಿನ್ನೆ ಮಲಗಿದ ಮನೆ ಬಾಗಿಲು ತಟ್ಟುತ್ತೆ. ಅದು ಸಿಗದಿದ್ರೆ ಸ್ವಂತ ಮನೆ ಎಲ್ಲಿ ಅಂತ ನೋಡುತ್ತೆ. ಅದೂ ಇಲ್ವಾ, ಹೊಟ್ಟೆಯೊಳಗೆ ನೆಂಟರ ಪಟ್ಟಿ ಬರ್ದಿರ್ತಾರೆ, ಆ ಸಾಲಿನ ಪ್ರಕಾರ ಒಂದೊಂದೇ ಮನೆ. ನೆಲದ ಮೇಲೆ ಯಾರೂ ಇಲ್ಲ ಅಂತ ಖಾತ್ರಿ ಆದ್ಮೇಲೇ ತಲೆ ಎತ್ತಿ ಆಕಾಶ ನೋಡೋದು."

"ಸರಿ, ಇಲ್ಲಿ ನೆಲದ ಮೇಲೆ ಯಾರಿದ್ದಾರೆ? ಯಾಕ್ ಇದೆ, ನಾನಿದ್ದೀನಿ, ನೀನಿದ್ದೀಯ."

"ಗಡಿಯಾಚೆ ಚೀನಾದವರ ಟವರ್ ಇದೆಯಲ್ಲ ಬಾಯ್ಕೆ. ನಾವು ಅವರ ನೆಂಟರಲ್ಲ, ಒಳಗೆ ಬಿಡಲ್ಲ. ಆದ್ರೆ ಅವರ ಮನೆ ದೀಪ ಕಾಣುತ್ತೆ. ದೀಪ ಕಾಣೋವರೆಗೂ ಈ ಪೆದ್ದು ಅವರ ಅಂಗಳ ಬಿಟ್ಟು ಕದಲಲ್ಲ. ಅದಕ್ಕೇ ನಾನು ದೀಪ ಕಾಣದ ಕಡೆ ಕರ್ಕೊಂಡು ಹೋಗ್ತೀನಿ. ಗುಂಡಿಗೆ."

"ಆ ಕಡ್ಡಿ ಯಾವ ದಿಕ್ಕಿಗೆ?"

"ನಮಾಜಿಗೆ ನಿಲ್ತೀರಲ್ಲ, ಅಲ್ಲಿಂದ ಎಡಕ್ಕೆ ಇಪ್ಪತ್ತೇಳು ಡಿಗ್ರಿ."

"ಹಂಗಾದ್ರೆ ದೇವರ ಪಕ್ಕದ ಮನೆ ಅನ್ನು!" ಎಂದು ಶೇರ್‌ಮಾತ್ ತೊಡೆ ತಟ್ಟಿ ನಕ್ಕ. ನಕ್ಕವನು ಹಾಗೇ ಕೈ ಚಾಚಿ, "ಕೊಡಿಲ್ಲಿ. ಇದು ಗುಂಪಿನ ಫೋನು. ಇನ್ಮೇಲೆ ನಮ್ಮ ಮಗ ಕುಬಾತ್ ಹತ್ರ ಇರ್ಲಿ. ಅವನ ಕಾಲು ಗಟ್ಟಿ, ಬೇಕಾದಾಗ ಗುಡ್ಡ ಹತ್ತಿ ಮಾತಾಡ್ತಾನೆ. ನೀನು ಗುಂಡಿಯಲ್ಲಿ ಮಲಗೋದು ನೋಡಿ ಬೇರೆ ಗುಂಪಿನವರು ನಗ್ತಾರೆ" ಎಂದ.

ಎರ್ಗೆಶ್ ಫೋನನ್ನು ತೋಳಿಗೆ ಒರೆಸಿ ಕೊಟ್ಟ. "ಗುಡ್ಡ ಹತ್ತಿದ್ರೆ ಆಚೆ ಕಡೆ ಕಾಣುತ್ತೆ, ಬಾಯ್ಕೆ. ಕಾಣಬಾರ್ದು" ಎಂದಷ್ಟೇ ಹೇಳಿ ಎದ್ದುಹೋದ.

ಶೇರ್‌ಮಾತ್‌ನದು ತಪ್ಪೆಂದು ಆಗ ಯಾರಿಗೂ ಅನ್ನಿಸಲಿಲ್ಲ. ನಾವು ಚಳಿಗಾಲ ಕಳೆಯುವ ಊರಿನ ಹಿಂದಿನ ಗುಡ್ಡ ಮುರ್ಗಾಬ್ ಕಡೆಗೆ ಮುಖ ಮಾಡಿದೆ. ಫೋನು ಎಂಬುದು ಬಂದಾಗಿನಿಂದ ಮದುವೆ, ಸಾವು, ಹೆರಿಗೆ ಎಲ್ಲಕ್ಕೂ ನಾವು ಆ ಗುಡ್ಡವನ್ನೇ ಹತ್ತಿದವರು. ಮಾತಾಡಬೇಕೆಂದರೆ ಹತ್ತಬೇಕು. ಮಕ್ಕಳಿಗೂ ಅದು ಗೊತ್ತು. ಆದರೆ ಬೇಸಿಗೆಗೆ ನಾವು ಹೋಗುವ ಮೇಲಿನ ಕಾರಾಸುವಿನ ಬೆಟ್ಟ ಮುಖ ಮಾಡಿರುವುದು ಮೂಡಣಕ್ಕೆ, ಚೀನಾದ ಕಡೆಗೆ. ಬೆಟ್ಟ ಬೇರೆ, ಅಭ್ಯಾಸ ಅದೇ.

ಜುಲೈ ತಿಂಗಳು. ಬೆಳಿಗ್ಗೆ ಆರಕ್ಕೆ ಹಾಲು ಕರೆಯುವ ಹೊತ್ತು. ಹೊಸದಾಗಿ ಈದ ಒಂದು ಯಾಕ್‌ನ ಕರುವನ್ನು ಕಟ್ಟಲು ಶೇರ್‌ಮಾತ್ ಬಗ್ಗಿದ್ದ. ತಾಯಿ ಎಲ್ಲಿತ್ತೋ, ಬಂದು ಅವನ ಎಡ ಪಕ್ಕೆಗೆ ಗುದ್ದಿತು. ಎರಡು ಮಾರು ದೂರ ಹೋಗಿ ಬಿದ್ದ. ಬಿದ್ದವನು ತಾನೇ ಎದ್ದ, ಟೋಪಿ ಕೊಡವಿಕೊಂಡ, "ಬಾಣಂತಿ, ಬೈಬಾರ್ದು" ಎಂದು ನಕ್ಕ. ಒಳಗೆ ಬಂದು ಚಹಾ ಕುಡಿದ. ಎರಡನೆಯ ಬಟ್ಟಲು ತುಂಬಿಸುವಾಗ ಅವನ ಮುಖ ನೋಡಿದೆ. ಹಾಲು ಒಡೆದ ಮೇಲಿನ ನೀರಿನ ಬಣ್ಣ.

"ಎಡ ಹೆಗಲು ಯಾಕೋ ಸೆಳೀತಿದೆ" ಎಂದ.

"ಪೆಟ್ಟು ಬಿದ್ದಿದ್ದು ಪಕ್ಕೆಗಲ್ವಾ?"

"ಪಕ್ಕೆಗೇ. ಹೆಗಲು ನೋಯ್ತಿದೆ."

ಮಲಗಿಸಿದೆ. ಹೊಟ್ಟೆಯ ಮೇಲೆ ಕೈ ಇಟ್ಟರೆ ಹಲಗೆ ಮುಟ್ಟಿದ ಹಾಗಿತ್ತು. ಎರ್ಗೆಶ್ ಯಾರೂ ಕರೆಯದೆ ಬಂದ. ಹಳೆಯ ಕೈಗಡಿಯಾರ ನೋಡುತ್ತಾ ನಾಡಿ ಹಿಡಿದ. ನನ್ನನ್ನು ಹೊರಗೆ ಕರೆದ.

"ನೂರ ಹದಿನೆಂಟು. ಒಳಗೆ ರಕ್ತ ಸೋರ್ತಿದೆ, ಜೆಂಗೆ. ಕೇಂದ್ರದಲ್ಲಿದ್ದಾಗ ಒಬ್ಬ ಕಂಬದಿಂದ ಬಿದ್ದಿದ್ದ, ಹೀಗೇ ಆಗಿತ್ತು. ಇವತ್ತೇ ಡಾಕ್ಟರು ಬರ್ಬೇಕು."

"ಆ ಕಂಬದಿಂದ ಬಿದ್ದವನು?"

ಅವನು ನನ್ನ ಮುಖ ನೋಡಲಿಲ್ಲ. "ಒಂಬತ್ತು ಗಂಟೆ ಇದ್ದ" ಎಂದ.

ಗುಂಪಿನ ಒಂದೇ ಜೀಪು ಹಿಟ್ಟು ತರಲು ಹೋಗಿ ಎರಡು ದಿನವಾಗಿತ್ತು. ಮುರ್ಗಾಬ್ ತೊಂಬತ್ತು ಕಿಲೋಮೀಟರ್. ಕುದುರೆಯ ಮೇಲೆ ಕೂರಿಸಿದರೆ ಅಲುಗಾಟಕ್ಕೇ ಸಾಯುತ್ತಾನೆ. ಉಳಿದದ್ದು ಫೋನು. ಕುಬಾತ್ ಆಗಲೇ ಅದನ್ನು ಎದೆಯ ಜೇಬಿಗೆ ಹಾಕಿಕೊಂಡು ಬೂಟು ಬಿಗಿಯುತ್ತಿದ್ದ. ಇಪ್ಪತ್ತಾರು ವರ್ಷದ ಮಗ ಅವನು. ಎರ್ಗೆಶ್ ಬಾಗಿಲಿಗೆ ಅಡ್ಡ ನಿಂತ.

"ಹತ್ತಬೇಡ ಕುಬಾತ್. ಅಲ್ಲಿ ಸಿಗಲ್ಲ."

"ಇನ್ನೇನು ಮಾಡ್ಲಿ? ನಿನ್ನ ಗುಂಡಿ ಕೆಳಗಿನ ಕಣಿವೆಯಲ್ಲಿದೆ, ಅರ್ಧ ದಿನದ ದಾರಿ!"

ಒಳಗಿನಿಂದ ಶೇರ್‌ಮಾತ್ ಕೂಗಿದ. "ಅವನ ಮಾತು ಕೇಳ್ಬೇಡ್ವೋ! ಹತ್ತೋ!"

ಕುಬಾತ್ ನನ್ನ ಕಡೆ ನೋಡಿದ. ನಾನೂ ಹತ್ತು ಎಂದೆ.

ಬೆಟ್ಟದ ತುದಿಗೆ ಎರಡು ಗಂಟೆಯ ದಾರಿ. ನಾನು ಒಳಗೆ ಹೋಗುವುದು, ಗಂಡನ ತುಟಿಗೆ ನೀರು ಸವರುವುದು, ಹೊರಗೆ ಬಂದು ಬೆಟ್ಟ ನೋಡುವುದು. ಮಗ ಕುದುರೆಯಷ್ಟಿದ್ದವನು ನಾಯಿಯಷ್ಟಾದ, ಹಕ್ಕಿಯಷ್ಟಾದ, ಆಮೇಲೆ ಸಾಸಿವೆ ಕಾಳು. ಒಲೆಯ ಮೇಲಿನ ಕೊಪ್ಪರಿಗೆಯಲ್ಲಿ ಹಾಲು ಕಾಯಲಿಟ್ಟದ್ದು ಕಾಯುತ್ತಲೇ ಇತ್ತು. ತಾಜೀಗುಲ್ ಬೆಂಕಿ ನೋಡಿಕೊಳ್ಳುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅವಳು ಸುಮ್ಮನಿರುವುದು ನೋಡಿಯೇ ನನ್ನ ಜೀವ ಅರ್ಧ ಹೋಗಿತ್ತು. ಎರ್ಗೆಶ್ ಅರ್ಧ ಗಂಟೆಗೊಮ್ಮೆ ನಾಡಿ ಹಿಡಿದು ಹೊರಬಂದು ಅಂಕಿ ಹೇಳುತ್ತಿದ್ದ. ನೂರ ಇಪ್ಪತ್ತು. ನೂರ ಇಪ್ಪತ್ನಾಲ್ಕು. ನೂರ ಮೂವತ್ತು.

"ಅಂಕಿ ಹೇಳ್ಬೇಡ್ವೋ!" ಎಂದು ನಾನು ಒಂದು ಸಲ ಚೀರಿದೆ. ಅವನು ಅಷ್ಟೇ ಮೆಲ್ಲಗೆ, "ಜೆಂಗೆ, ಕುಬಾತ್ ತುದಿ ಮುಟ್ಟಿ ಮೂವತ್ತೆರಡು ನಿಮಿಷ ಆಯ್ತು. ಮಾತು ಸಿಕ್ಕಿದ್ರೆ ಇಷ್ಟೊತ್ತಿಗೆ ಕೈ ಬೀಸಿ ಇಳೀತಿದ್ದ. ಅವನ ಕೈಲಿರೋದು ಈಗ ಚೀನಾ ಫೋನು" ಎಂದ.

"ಇಳಿಸಿದ್ರೆ? ಇಲ್ಲಿ ಗುಂಡಿ ಎಲ್ಲಿದೆ?"

"ಗುಂಡಿ ಮಾಡ್ಕೊಳ್ತೀನಿ."

"ಸಿಗುತ್ತೆ ಅಂತ ಹೇಳು. ಸಿಗುತ್ತೆ ಅಂತ ಹೇಳು, ಕರೀತೀನಿ."

"ಗೊತ್ತಿಲ್ಲ, ಜೆಂಗೆ. ಅಲ್ಲಿ ಸಿಗಲ್ಲ ಅನ್ನೋದು ಗೊತ್ತು."

ಅಷ್ಟು ದೂರಕ್ಕೆ ಕೂಗು ಮುಟ್ಟುವುದಿಲ್ಲ. ಕಾಣುವಂಥದ್ದು ನನ್ನ ತಲೆಯ ಬಿಳಿ ವಸ್ತ್ರ ಒಂದೇ. ಆದರೆ ನಮ್ಮಲ್ಲಿ ಗಂಡನಿರುವ ಹೆಂಗಸು ತಲೆ ಬಿಚ್ಚಿ ವಸ್ತ್ರ ಬೀಸಿದರೆ ಅದಕ್ಕೆ ಒಂದೇ ಅರ್ಥ. ಮಗ ಏನೆಂದುಕೊಳ್ಳುತ್ತಾನೆ ಎಂದು ಗೊತ್ತಿದ್ದೂ ಬಿಚ್ಚಿದೆ. ಬಿಚ್ಚಿದ ಕೂದಲು ಗಾಳಿಗೆ ಬಾಯಿಗೆಲ್ಲ ಬರುತ್ತಿತ್ತು. ತಾಜೀಗುಲ್ ಮುಖ ಮುಚ್ಚಿಕೊಂಡು ಅತ್ತಳು. ನಾನು ಕೈ ಸೋಲುವವರೆಗೆ ಬೀಸಿದೆ.

ಹತ್ತಲು ಎರಡು ಗಂಟೆಯಾದ ಬೆಟ್ಟವನ್ನು ಕುಬಾತ್ ಮುಕ್ಕಾಲು ಗಂಟೆಯಲ್ಲಿ ಇಳಿದ. ಎರಡೂ ಮಂಡಿ ರಕ್ತ. ದೂರದಿಂದಲೇ ಅಳುತ್ತಾ ಓಡಿ ಬರುತ್ತಿದ್ದ.

"ಬದುಕಿದ್ದಾನೆ!" ಎಂದು ಎದುರಿಗೆ ಓಡಿದೆ. "ಬದುಕಿದ್ದಾನೆ ಕಣೋ, ಫೋನ್ ಕೊಡು!"

ಅವನು ನೆಲಕ್ಕೆ ಕುಕ್ಕರಿಸಿದ. "ಅಮ್ಮಾ, ನಮ್ಮ ಯಾವ ನಂಬರೂ ಹೋಗ್ಲಿಲ್ಲ. ಆಪತ್ತಿನ ನಂಬರ್ ಒತ್ತಿದೆ, ಅದು ಹೋಯ್ತು. ಒಬ್ಬಳು ಹೆಂಗಸು ಎತ್ತಿದ್ಳು. ಚೀನಾ ಮಾತು. ನಾನು ಮುರ್ಗಾಬ್, ಮುರ್ಗಾಬ್ ಅಂತ ಕೂಗ್ದೆ, ಅವಳೂ ಏನೇನೋ ಕೇಳ್ತಾನೇ ಇದ್ಳು. ಪಾಪ, ಫೋನ್ ಇಡ್ಲೇ ಇಲ್ಲ. ನಾನೇ ಇಟ್ಟೆ."

ಎರ್ಗೆಶ್ ಫೋನಿನ ಮುಖ ನನಗೆ ತೋರಿಸಿದ. ಅವನ ಕೈಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಫೋನಿನಲ್ಲಿ ಒಂದೂ ಇಪ್ಪತ್ತು. "ನೋಡಿ, ಚೀನಾದ ಹೊತ್ತು. ಇಳಿದು ಬಂದ್ರೂ ಮನಸ್ಸು ಅಲ್ಲೇ ಇದೆ. ಆ ಕಣಿವೆಬಾಯಿಂದ ದೀಪ ಇಲ್ಲಿಗೂ ಕಾಣ್ತಿದೆ" ಎಂದ. ಬ್ಯಾಟರಿಯ ಗುರುತಿನಲ್ಲಿ ಒಂದೇ ಗೆರೆ ಉಳಿದಿತ್ತು.

ಅವನ ಕಣ್ಣು ಸುತ್ತ ಹುಡುಕಿ ಒಲೆಯ ಮೇಲೆ ನಿಂತಿತು.

"ಜೆಂಗೆ, ಕೊಪ್ಪರಿಗೆ ಕೊಡಿ."

"ಹಾಲಿದೆ ಅದರಲ್ಲಿ."

"ಸುರೀರಿ."

ತಾಜೀಗುಲ್ ಎದ್ದು ನಿಂತಳು. "ಹಾಲು ಕಣೇ ಬುರುಲ್! ನೆಲಕ್ಕೆ ಸುರೀತೀಯಾ? ಇಂಥಾ ದಿನ?"

ಒಂದು ತೊಟ್ಟು ಹಾಲು ನೆಲಕ್ಕೆ ಬಿದ್ದರೆ ಬೆರಳಿನಿಂದ ಮುಟ್ಟಿ ಹಣೆಗೆ ಹಚ್ಚಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಕೈಗೆ ಕಂಬಳಿ ಚೂರು ಸುತ್ತಿಕೊಂಡು ನಾನೂ ಕುಬಾತ್‌ನೂ ಕೊಪ್ಪರಿಗೆಯನ್ನು ಬಗ್ಗಿಸಿದೆವು. ಆರು ಯಾಕ್‌ಗಳ ಹಾಲು ಕಲ್ಲುಗಳ ನಡುವೆ ಹರಿದು ಹೋಯಿತು. ನಾಯಿಗಳು ಕೂಡ ಹತ್ತಿರ ಬರಲಿಲ್ಲ, ಅಷ್ಟು ಬಿಸಿ.

ಎರಕದ ಕಬ್ಬಿಣದ ಆ ಕೊಪ್ಪರಿಗೆಯನ್ನು ಎರ್ಗೆಶ್ ಕಲ್ಲಿನ ಮೇಲೆ ವಾಲಿಸಿ ನಿಲ್ಲಿಸಿದ. ಬೆನ್ನು ಚೀನಾದ ಕಡೆಗೆ, ಬಾಯಿ ನಮಾಜಿನ ದಿಕ್ಕಿಗಿಂತ ಸ್ವಲ್ಪ ಎಡಕ್ಕೆ, ಆಕಾಶಕ್ಕೆ. ಫೋನಿನ ಬ್ಯಾಟರಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡ. "ನಿನ್ನೆ ಮಲಗಿದ ಮನೆ ಮರೀಬೇಕು ಇದು. ಬ್ಯಾಟರಿನೂ ಬೆಚ್ಚಗಾಗ್ಲಿ" ಎಂದು ಮೆಲ್ಲಗೆ ನೂರರವರೆಗೆ ಎಣಿಸಿದ. ಒಳಗಿನಿಂದ ನನ್ನ ಗಂಡನ ನರಳಾಟ ಕೇಳುತ್ತಿತ್ತು. ಅವನ ಎಣಿಕೆಯಷ್ಟು ಉದ್ದದ ಎಣಿಕೆಯನ್ನು ನಾನು ಕೇಳಿಲ್ಲ.

ಬ್ಯಾಟರಿ ಹಾಕಿ, ಕಡ್ಡಿ ಎಳೆದು, ಫೋನನ್ನು ಕೊಪ್ಪರಿಗೆಯ ತಳದಲ್ಲಿ ಕಂಬಳಿಯ ಮೇಲೆ ಇಟ್ಟ. ನಮ್ಮ ಮೂರು ತಲೆಗಳು ಬಗ್ಗಿದವು. "ಬಗ್ಗಬೇಡಿ, ಆಕಾಶ ಮುಚ್ತೀರಿ!" ಎಂದು ಗದರಿದ. ಅವನು ಗದರಿದ್ದು ನಾನು ಕೇಳಿದ್ದು ಅದೊಂದೇ ಸಲ. ಫೋನು ಹುಡುಕುತ್ತಿತ್ತು, ಹುಡುಕುತ್ತಲೇ ಇತ್ತು. ಗಡಿಯಾರ ಮೂಡಿತು. ಒಂದೂ ನಲವತ್ತೊಂದು.

"ಮತ್ತೆ ಅಲ್ಲೇ ಹೋಯ್ತು" ಎಂದ ಕುಬಾತ್, ಅಳು ದನಿಯಲ್ಲಿ.

ಎರ್ಗೆಶ್ ಮತ್ತೆ ಬ್ಯಾಟರಿ ಕಳಚಿದ. "ಕೊಪ್ಪರಿಗೆ ಮುಚ್ಚಳ ತಗೊಂಡು ನೀನು ಆ ಅಂಚಿಗೆ ನಿಲ್ಲು. ಜೆಂಗೆ, ತಾಮ್ರದ ಹರಿವಾಣ ಇದ್ರೆ ನೀವು ಈ ಅಂಚಿಗೆ. ಒಂದು ಬೆರಳು ಸಂದೂ ಬಿಡ್ಬೇಡಿ." ಮತ್ತೆ ನೂರರವರೆಗೆ ಎಣಿಕೆ. ಮತ್ತೆ ಹುಡುಕಾಟ. ತಾಜೀಗುಲ್ ಗಟ್ಟಿಯಾಗಿ ದೇವರ ಹೆಸರು ಹೇಳತೊಡಗಿದಳು. ಫೋನಿನ ಮೇಲೆ ಯಾವ ಹೊತ್ತೂ ಇಲ್ಲ, ಬರೀ ಗೆರೆ. ಗೆರೆ. ಆಮೇಲೆ ಹತ್ತೂ ಐವತ್ತೆಂಟು.

ಎರ್ಗೆಶ್ ಕೊಪ್ಪರಿಗೆಯ ಪಕ್ಕಕ್ಕೆ ಮಲಗಿ, ತಲೆಯನ್ನು ಒಳಗೆ ತೂರಿಸಿ, ಆಸ್ಪತ್ರೆಯ ಅಂಕಿ ಒತ್ತಿದ. ಅವನ ದನಿ ಕಬ್ಬಿಣದೊಳಗೆ ಗುಂಯ್ ಎನ್ನುತ್ತಿತ್ತು. "ಹಲೋ. ಮೇಲಿನ ಕಾರಾಸು. ಶೇರ್‌ಮಾತ್, ಐವತ್ತೊಂಬತ್ತು ವರ್ಷ. ಬೆಳಿಗ್ಗೆ ಆರಕ್ಕೆ ಯಾಕ್ ಗುದ್ದಿದೆ. ಹೊಟ್ಟೆ ಗಟ್ಟಿ. ನಾಡಿ ನೂರ ಮೂವತ್ತಾರು. ಗಾಡಿ ಕಳಿಸಿ, ಡಾಕ್ಟರು ಬರ್ಲಿ. ಹಲೋ? ಹಲೋ?"

ತಲೆ ಹೊರಗೆ ತೆಗೆದ. ಕೆನ್ನೆಗೆ ಮಸಿ, ಗಡ್ಡಕ್ಕೆ ಹಾಲಿನ ಕೆನೆ. ಫೋನು ಕಪ್ಪಾಗಿತ್ತು. ಎಷ್ಟು ಒತ್ತಿದರೂ ಏಳಲಿಲ್ಲ.

"ಏನಂದ್ರು?" ಎಂದೆ.

"'ಯಾವ' ಅಂದ್ರು. ಅಷ್ಟರಲ್ಲಿ ಹೋಯ್ತು."

"ಯಾವ ಕಾರಾಸು ಅಂತ ಕೇಳಿರ್ತಾರೆ. ಕೇಳಿಸಿದೆ ಅಂತಾಯ್ತು."

ಮೇಲಿನದೊಂದು, ಕೆಳಗಿನದೊಂದು, ಎರಡು ಕಾರಾಸು ಇವೆ. ಎರಡಕ್ಕೂ ದಾರಿ ಒಂದು ಕವಲಿನಲ್ಲಿ ಬೇರೆಯಾಗುತ್ತದೆ, ನಮ್ಮಿಂದ ನಲವತ್ತು ಕಿಲೋಮೀಟರ್ ಕೆಳಗೆ.

"ಯಾವ ರೋಗಿ, ಯಾವ ಊರು, ಯಾವನು ನೀನು, ಏನು ಬೇಕಾದ್ರೂ ಕೇಳಿರ್ಬಹುದು. ಗೊತ್ತಿಲ್ಲ, ಜೆಂಗೆ."

ಅಷ್ಟರಲ್ಲಿ ಒಳಗೆ ಏನೋ ಉರುಳಿದ ಸದ್ದು. ಓಡಿದೆವು. ಶೇರ್‌ಮಾತ್ ಹಾಸಿಗೆಯಿಂದ ಎದ್ದು, ಗುಡಾರದ ಕಂಬ ಹಿಡಿದು ನಿಂತಿದ್ದ. ಹಣೆಯಿಂದ ನೀರು ಸುರಿಯುತ್ತಿತ್ತು.

"ನನ್ನ ಕುದುರೆ ತನ್ನಿ. ನಾನೇ ಹೋಗ್ತೀನಿ. ಈ ಹೆಂಗಸರ ನಡುವೆ ಬಿದ್ದು ಸಾಯಲ್ಲ."

"ಬಾಯ್ಕೆ, ಮಲಗಿ. ಕದಲಿದ್ರೆ ಒಳಗೆ ಇನ್ನೂ ಹರಿಯುತ್ತೆ."

"ಗಾಡಿ ಬರ್ತಿದೆಯಾ?"

ಎರ್ಗೆಶ್ ಬಾಯಿ ತೆರೆದ. ಏನು ಹೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಅವನ ಬೆನ್ನ ಹಿಂದೆ ನಿಂತು ಅಂಗಿ ಜಗ್ಗಿದೆ.

"ಬರ್ತಿದೆ" ಎಂದ.

ಶೇರ್‌ಮಾತ್ ಅವನನ್ನೇ ದುರುಗುಟ್ಟಿ ನೋಡಿದ. "ಇವಳು ಹೇಳಿಸ್ತಿದ್ದಾಳೆ. ರೊಟ್ಟಿ ಹಿಡಿದು ಹೇಳು."

ರೊಟ್ಟಿ ಹಿಡಿದು ಸುಳ್ಳು ಹೇಳಿದವನ ಮನೆಗೆ ರೊಟ್ಟಿ ಬೆನ್ನು ತಿರುಗಿಸುತ್ತದೆ ಎಂದು ನಂಬಿದ ಜನ ನಾವು. ಎರ್ಗೆಶ್ ಕದಲಲಿಲ್ಲ. ಊಟದ ಬಟ್ಟೆ ಬಿಚ್ಚಿ, ಬೆಳಿಗ್ಗೆಯ ರೊಟ್ಟಿ ತೆಗೆದು, ಅವನ ಎರಡೂ ಕೈಯಲ್ಲಿ ನಾನೇ ಇಟ್ಟೆ. ಅವನ ಬೆರಳು ಮಡಿಚಿದ್ದೂ ನಾನೇ. ಒಂದು ಕ್ಷಣ ಅವನು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ.

"ಈ ರೊಟ್ಟಿ ಆಣೆ, ಗಾಡಿ ಹೊರಟಿದೆ" ಎಂದ ಎರ್ಗೆಶ್. "ಐದೂವರೆಗೆ ಇಲ್ಲಿರುತ್ತೆ."

ಗಂಟೆ ನಿಮಿಷ ಸಹಿತ ಹೇಳಿದ್ದಕ್ಕೇ ನನ್ನ ಗಂಡ ನಂಬಿದ. ಕಂಬ ಬಿಟ್ಟು ಮಗುವಿನ ಹಾಗೆ ಹಿಂದಕ್ಕೆ ಒರಗಿದ. "ಐದೂವರೆ ತಾನೇ? ತಡೀತೀನಿ" ಎಂದ.

ಎರ್ಗೆಶ್ ಹೊರಗೆ ಬಂದವನು ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕುಬಾತ್‌ನ ಕುದುರೆ ಹತ್ತಿ ಕವಲಿನ ಕಡೆಗೆ ಹೊರಟುಬಿಟ್ಟ. ಮುಂದೆ ಆದದ್ದನ್ನು ಗಾಡಿಯ ಚಾಲಕ ಹೇಳಿದ್ದು. ಆಸ್ಪತ್ರೆಗೆ ಕಾರಾಸು ಎಂಬುದು ಕೇಳಿಸಿತ್ತು, ಯಾವುದು ಎಂಬುದು ಕೇಳಿಸಿರಲಿಲ್ಲ. ಕವಲಿನಲ್ಲಿ ಚಾಲಕ ಕೆಳಗಿನ ಕಾರಾಸುವಿಗೆ ತಿರುಗಿಸಿ ಒಂದು ಕಿಲೋಮೀಟರ್ ಹೋಗಿದ್ದ. ಪಕ್ಕದ ಇಳಿಜಾರಿನಿಂದ ಒಬ್ಬ ಹುಚ್ಚ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡವನು, ಕಲ್ಲುಗಳ ಮೇಲೆ ಕುದುರೆ ಓಡಿಸಿಕೊಂಡು ಬಂದು ಗಾಡಿಗೆ ಅಡ್ಡ ನಿಂತನಂತೆ. ಕುದುರೆಯ ಮುಂಗಾಲು ಅಲ್ಲೇ ಮುರಿಯಿತು.

ನಾನು ಬಾಗಿಲಲ್ಲಿ ಕೂತು ಎಷ್ಟು ಹೊತ್ತು ಕಳೆದೆನೋ. ನಾಲ್ಕರ ಹೊತ್ತಿಗೆ ಶೇರ್‌ಮಾತ್‌ಗೆ ನನ್ನ ಗುರುತು ಹತ್ತಲಿಲ್ಲ, ಸತ್ತುಹೋದ ತನ್ನ ಅಕ್ಕನ ಹೆಸರು ಹಿಡಿದು ಕರೆದ. ಐದಕ್ಕೆ ಕಣ್ಣು ಅರ್ಧ ತೆರೆದೇ ಇತ್ತು. ಐದೂವರೆ ಆಯಿತು. ಧೂಳಿಲ್ಲ. ಕುಬಾತ್ ಗುಡಾರದ ಗಡಿಯಾರವನ್ನು ಬಟ್ಟೆಯಡಿ ಬಚ್ಚಿಟ್ಟ. ಆಮೇಲೆ ನಾಯಿಗಳು ಬೊಗಳಿದವು.

ಡಾಕ್ಟರು ಸೂಜಿ ಹಾಕಿ, ಬಾಟಲಿ ಕಟ್ಟಿ, ಅವನನ್ನು ಗಾಡಿಗೆ ಏರಿಸಿದರು. ಎರ್ಗೆಶ್ ಹಿಂದಿನ ಬಾಗಿಲಿನಿಂದ ಇಳಿದು ನನ್ನ ಪಕ್ಕ ನಿಂತ.

"ಐದೂ ನಲವತ್ತು" ಎಂದ. "ಹತ್ತು ನಿಮಿಷ ತಪ್ಪಿದೆ."

ಶೇರ್‌ಮಾತ್ ಅದಾದ ಮೇಲೆ ಏಳು ವರ್ಷ ಬದುಕಿದ. ಹೊಟ್ಟೆಯ ಮೇಲೆ ಗೇಣುದ್ದದ ಹೊಲಿಗೆ ಇತ್ತು, ಯಾರು ಬಂದರೂ ಅಂಗಿ ಎತ್ತಿ ತೋರಿಸುತ್ತಿದ್ದ. ಫೋನು ಮತ್ತೆ ಎರ್ಗೆಶ್‌ನ ಕೈಗೆ ಹೋಯಿತು. ನಮ್ಮ ಹುಡುಗರೆಲ್ಲ ಗುಂಡಿಗೆ ಇಳಿಯುವುದನ್ನು ಕಲಿತರು. ಶೇರ್‌ಮಾತ್ ಮದುವೆ ಮನೆಗಳಲ್ಲಿ, "ರೊಟ್ಟಿ ಹಿಡಿದು ಐದೂವರೆ ಅಂದ ನೋಡಿ, ಬಂದೇ ಬಿಡ್ತು! ಎರ್ಗೆಶ್ ಬಾಯಿಂದ ಸುಳ್ಳು ಹೊರಡಲ್ಲ!" ಎಂದು ಸಾರುತ್ತಿದ್ದ. ಆ ಕಥೆ ಶುರುವಾದ ಕೂಡಲೇ ಎರ್ಗೆಶ್ ಚಹಾದ ಬಟ್ಟಲು ಕೆಳಗಿಟ್ಟು, ಯಾಕ್ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದ. ಹೊಗಳಿಕೆಗೆ ನಾಚಿ ಎದ್ದು ಹೋಗುತ್ತಾನೆ ಎಂದೇ ನನ್ನ ಗಂಡ ತಿಳಿದಿದ್ದ. ಅವನಿಗೆ ನಿಜವನ್ನು ನಾನೂ ಹೇಳಲಿಲ್ಲ, ಎರ್ಗೆಶ್‌ನೂ ಹೇಳಲಿಲ್ಲ. ಹಾಗೇ ಒಂದು ಮಾರ್ಚ್ ತಿಂಗಳಲ್ಲಿ ಶೇರ್‌ಮಾತ್ ನಿದ್ದೆಯಲ್ಲೇ ಹೋದ.

ಎರ್ಗೆಶ್ ಅದರ ಮುಂದಿನ ವಸಂತದಲ್ಲಿ ಮುರ್ಗಾಬ್‌ನಲ್ಲಿ ಹಾಸಿಗೆ ಹಿಡಿದ. ಎದೆಯ ಕಾಯಿಲೆ. ನಾನು ಬೆಣ್ಣೆಯನ್ನೂ ಒಣಗಿಸಿದ ಮೊಸರಿನ ಉಂಡೆಗಳನ್ನೂ ಕಟ್ಟಿಕೊಂಡು ನೋಡಲು ಹೋದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಮಲಗಿದ್ದ, ಬಹಳ ಸಣ್ಣಗಾಗಿದ್ದ. ಓಶ್‌ನಿಂದ ಮಗಳು ಬಂದಿದ್ದಳು. ಅವಳು ನೀರು ತರಲು ಹೋದಾಗ ನನ್ನನ್ನು ಹತ್ತಿರ ಕರೆದ.

"ಜೆಂಗೆ, ಆ ಆಣೆ ವಿಷಯ."

"ಇನ್ನೂ ಅದೇನಾ? ಗಾಡಿ ಬಂತಲ್ವೇನೋ. ಆಣೆ ನಿಜ ಆಯ್ತಲ್ಲ."

"ಬಂದಿದ್ದು ಆಮೇಲೆ. ಹೇಳುವಾಗ ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದನ್ನ ರೊಟ್ಟಿ ಹಿಡಿದು ಹೇಳ್ದೆ."

"ಹಿಡಿಸಿದ್ದು ನಾನು" ಎಂದೆ. "ನಿನ್ನ ಕೈಗೆ ಇಟ್ಟಿದ್ದು ನಾನು. ಪಾಪ ನನ್ನದು."

ಅವನು ಉಸಿರು ಸಿಗುವವರೆಗೆ ಕಾದ. ಆಮೇಲೆ ನನ್ನ ತೋಳು ಹಿಡಿದುಕೊಂಡ.

"ಅದನ್ನೇ ಕೇಳ್ಬೇಕು ಅಂತಿದ್ದೆ. ನಾನು ಮೊದಲು ಹೋಗ್ತೀನಿ, ಮೇಲೆ ನನ್ನನ್ನ ಮೊದಲು ಕೇಳ್ತಾರೆ. ನಾನೇ ತಗೊಂಡೆ ಅಂತ ಹೇಳ್ತೀನಿ. ಆಮೇಲೆ ನೀವು ಬಂದು ಇಟ್ಟಿದ್ದು ನಾನು ಅಂದ್ರೆ, ಇಬ್ಬರ ಮಾತೂ ತಾಳೆ ಆಗಲ್ಲ. ಒಂದೇ ಸಲ ಜೆಂಗೆ, ನನಗೋಸ್ಕರ. ರೊಟ್ಟಿ ಎರ್ಗೆಶ್‌ನೇ ತಗೊಂಡ ಅಂತ ಹೇಳಿ."